ತವರಿಗೆ ಹೋದರೆ ದಮ್ಮು ಇಲ್ಲ: ರೇಷ್ಮೆ ಬೇಸಿನ್ ಮುಂದಿನ ಒಂದು ಆಸ್ತಮಾ ಪ್ರಕರಣ

ಮೂರು ವರ್ಷದಲ್ಲಿ ಈಕೆಗೆ ಐದು ಕಾಯಿಲೆಗಳ ಹೆಸರು ಸಿಕ್ಕಿತ್ತು. ಮೊದಲು ಅಲರ್ಜಿ ಶೀತ. ಆಮೇಲೆ ಬ್ರಾಂಕೈಟಿಸ್. ಒಂದು ಮಳೆಗಾಲದಲ್ಲಿ ನ್ಯುಮೋನಿಯಾ ಅಂದರು. ಕೆಮ್ಮು ನಿಲ್ಲದೇ ಹೋದಾಗ ಟಿಬಿ ಇರಬಹುದು ಅಂತ ಕಫ ಪರೀಕ್ಷೆ ಆಯಿತು. ಅದೂ ಅಲ್ಲ ಅಂತಾದ ಮೇಲೆ ಉಳಿದದ್ದು 'ಟೆನ್ಶನ್'. ಕೊನೆಯ ಚೀಟಿಯಲ್ಲಿ ಒಂದು ನಿದ್ದೆ ಮಾತ್ರೆಯೂ ಇತ್ತು. ಆಸ್ತಮಾ ಅನ್ನೋ ಪದ ಯಾವ ಚೀಟಿಯಲ್ಲೂ ಇರಲಿಲ್ಲ. ಆಸ್ತಮಾದ ಔಷಧಿ ಮಾತ್ರ ಹೆಚ್ಚುಕಡಿಮೆ ಎಲ್ಲಾ ಚೀಟಿಯಲ್ಲೂ ಇತ್ತು.

ಆಕೆಗೆ 36 ವರ್ಷ, ಇಬ್ಬರು ಮಕ್ಕಳು. ರೇಷ್ಮೆ ಸೀಮೆಯ ಒಂದು ತಾಲ್ಲೂಕು ಊರು. ರಾಮನಗರ, ಶಿಡ್ಲಘಟ್ಟದ ಗೂಡು ಮಾರುಕಟ್ಟೆ ಕಂಡವರಿಗೆ ಇಂಥ ಊರು ಹೇಗಿರುತ್ತದೆ ಅಂತ ಗೊತ್ತು. ಗುರುತು ಸಿಗಬಾರದು ಅಂತ ಊರು, ವಯಸ್ಸು, ಮನೆಯ ವಿವರಗಳನ್ನು ಬದಲಿಸಿ ಬರೆದಿದ್ದೇನೆ. ಮನೆ ಹಿಂದೆಯೇ ಶೀಟು ಹೊದಿಸಿದ ಶೆಡ್ಡು, ಅದರಲ್ಲಿ ಆರು ಬೇಸಿನ್, ಅಂದರೆ ಗೂಡು ಹಾಕಿ ನೂಲು ಬಿಚ್ಚುವ ಬಿಸಿನೀರಿನ ತೊಟ್ಟಿ. ಗಂಡ ಮಾರುಕಟ್ಟೆಗೆ ಹೋಗಿ ಗೂಡು ತರುತ್ತಾರೆ, ನೂಲು ಮಾರುತ್ತಾರೆ. ಬೇಸಿನ್ ಮುಂದೆ ಕೂರೋದು ಆಕೆ, ಓರಗಿತ್ತಿ, ಮತ್ತೆ ಕೂಲಿಗೆ ಬರುವ ನಾಲ್ವರು ಹೆಂಗಸರು. ಮದುವೆಯಾಗಿ ಬಂದ ಮೇಲೆ ಕಲಿತ ಕೆಲಸ. ಮೊದಲ ಏಳೆಂಟು ವರ್ಷ ಮೈಗೆ ಏನೂ ಆಗಿರಲಿಲ್ಲ.

ನನ್ನ ಹತ್ತಿರ ಬಂದಾಗ ಹೇಳಿದ್ದು ಇಷ್ಟು: "ಸಾರ್, ಹಗಲೆಲ್ಲ ಹೆಂಗೋ ಇರ್ತೀನಿ. ರಾತ್ರಿ ಹನ್ನೊಂದು ಹನ್ನೆರಡಾದ್ರೆ ಶುರು. ಎದೆಯಲ್ಲಿ ಸುಯ್ ಸುಯ್ ಅನ್ನುತ್ತೆ. ಮಲಗಕ್ಕಾಗಲ್ಲ, ಗೋಡೆಗೆ ಒರಗಿ ಕೂತೇ ಬೆಳಗು ಮಾಡ್ತೀನಿ."

ಗಂಡ ಪಕ್ಕದಲ್ಲೇ ನಿಂತಿದ್ದರು. "ಬೆಳಿಗ್ಗೆ ನೋಡಿದ್ರೆ ಕೆಲಸಕ್ಕೆ ಕೂತಿರ್ತಾಳೆ ಸಾರ್. ಡಾಕ್ಟ್ರು ಎದೆ ಮೇಲೆ ಟೆಥಸ್ಕೋಪ್ ಇಟ್ರೆ ಏನೂ ಇಲ್ಲ ಅಂತಾರೆ."

ನಾನೂ ಇಟ್ಟು ನೋಡಿದೆ. ಏನೂ ಇರಲಿಲ್ಲ. ಬೆಳಿಗ್ಗೆ ಹತ್ತೂವರೆಗೆ ಆಕೆಯ ಎದೆ ಸ್ವಚ್ಛವಾಗಿತ್ತು. ಆಸ್ತಮಾ ಅಂದರೆ ಹೀಗೇ. ಬಂದು ಹೋಗುವುದೇ ಅದರ ಸ್ವಭಾವ. ಡಾಕ್ಟರ ಮುಂದೆ ಕೂತಾಗ ಉಬ್ಬಸ ಇಲ್ಲ ಅನ್ನೋದು ಆಸ್ತಮಾ ಇಲ್ಲ ಅನ್ನೋದಕ್ಕೆ ಸಾಕ್ಷಿಯಾಗೋದಿಲ್ಲ. ಹಾಗೆ ನೋಡಿದರೆ, ರಾತ್ರಿ ಗೊರಗುಟ್ಟಿದ ಎದೆ ಬೆಳಿಗ್ಗೆ ಸುಮ್ಮನಾಗಿದೆ ಅನ್ನೋದೇ ಆಸ್ತಮಾದ ಕಡೆಗೆ ಬೆರಳು ತೋರಿಸುತ್ತದೆ.

ಎರಡನೇ ಸಲ ಜೊತೆಗೆ ಅತ್ತೆ ಬಂದರು. ಸೊಸೆಯ ಮೇಲೆ ಅವರಿಗೆ ಒಂದು ದೂರಿತ್ತು. "ತವರಿಗೆ ಹೋದ್ರೆ ಒಂದು ಕೆಮ್ಮೂ ಇಲ್ಲ ಸ್ವಾಮಿ. ಅಲ್ಲಿ ಜಾತ್ರೆಯಲ್ಲಿ ಬೆಟ್ಟ ಹತ್ತಿ ಬಂದವಳೆ. ಇಲ್ಲಿಗೆ ಕಾಲಿಟ್ಟು ಮೂರು ನಾಲ್ಕು ದಿನಕ್ಕೆ ಶುರು. ಇದಕ್ಕೇನನ್ನೋದು, ನೀವೇ ಹೇಳಿ."

ಸೊಸೆ ತಲೆ ತಗ್ಗಿಸಿದಳು. ಮನೆಯವರ ಲೆಕ್ಕದಲ್ಲಿ ಇದು ಕೆಲಸ ತಪ್ಪಿಸಿಕೊಳ್ಳುವ ನೆಪ. 'ಟೆನ್ಶನ್' ಅಂತ ಬರೆದ ಡಾಕ್ಟರಿಗೂ ಬಹುಶಃ ಇದೇ ಮಾತು ಕಿವಿಗೆ ಬಿದ್ದಿರಬೇಕು. ನನಗೆ ಮಾತ್ರ ಆವತ್ತು ಸಿಕ್ಕ ಅತ್ಯಂತ ಬೆಲೆಬಾಳುವ ಸುಳಿವು ಅತ್ತೆಯದೇ. ದಮ್ಮು ಯಾವಾಗ ಜಾಸ್ತಿ ಆಗುತ್ತೆ ಅಂತ ಎಲ್ಲರೂ ಕೇಳುತ್ತೇವೆ. ಉತ್ತರಗಳು ಎಲ್ಲ ಕಡೆ ಒಂದೇ ಥರ: ಚಳಿ, ಧೂಳು, ಹೊಗೆ, ಒಗ್ಗರಣೆ ಘಾಟು. ಯಾವಾಗ ಕಮ್ಮಿ ಆಗುತ್ತೆ, ಎಲ್ಲಿಗೆ ಹೋದರೆ ಕಮ್ಮಿ ಆಗುತ್ತೆ ಅಂತ ಕೇಳೋದು ಅಪರೂಪ. ದೊಡ್ಡವರಾದ ಮೇಲೆ ಮೊದಲ ಸಲ ಆಸ್ತಮಾ ಬಂದವರಿಗೆ ಈ ಪ್ರಶ್ನೆ ಕೇಳದೆ ಬಿಡಬಾರದು. ಅಂಥವರಲ್ಲಿ ಸುಮಾರು ಆರೇಳು ಜನರಲ್ಲಿ ಒಬ್ಬರಿಗೆ ಕೆಲಸದ ಜಾಗದ ಪಾತ್ರ ಇರುತ್ತದೆ ಅನ್ನೋದು ವೈದ್ಯಲೋಕದ ಅಂದಾಜು.

ಹಗಲು ಕೆಲಸ, ರಾತ್ರಿ ಉಬ್ಬಸ

ಇಲ್ಲಿ ಗಂಡನ ಅನುಮಾನ ನ್ಯಾಯವಾದದ್ದೇ. ಕೆಲಸದಿಂದ ಬಂದದ್ದಾದರೆ ಕೆಲಸದ ಹೊತ್ತಿಗೇ ಬರಬೇಕಲ್ವಾ? ರಾತ್ರಿ ಯಾಕೆ?

ಆಸ್ತಮಾದಲ್ಲಿ ಉಸಿರುನಾಳದ ಒಳಪದರ ಸದಾ ಒಂದಿಷ್ಟು ಊದಿಕೊಂಡಿರುತ್ತದೆ. ಉಬ್ಬಸ ಇಲ್ಲದ ದಿನವೂ ಆ ಊತ ಇರುತ್ತದೆ. ಅದರಿಂದ ನಾಳಗಳಿಗೆ ಮುಂಗೋಪ. ಬೇರೆಯವರಿಗೆ ಏನೂ ಅನ್ನಿಸದ ಧೂಳಿಗೂ, ತಣ್ಣನೆ ಗಾಳಿಗೂ ಸುತ್ತಲಿನ ಸ್ನಾಯು ಬಿಗಿದುಕೊಳ್ಳುತ್ತದೆ, ಒಳಗೆ ಕಫ ಕಟ್ಟುತ್ತದೆ, ದಾರಿ ಕಿರಿದಾಗುತ್ತದೆ. ಒಳಗೆ ಎಳೆದ ಗಾಳಿ ಹೊರಗೆ ಹೋಗಲು ಒದ್ದಾಡುತ್ತದೆ. ಸುಯ್ ಅನ್ನುವ ಸದ್ದು ಅದೇ.

ಅಲರ್ಜಿಯಿಂದ ಬರುವ ಆಸ್ತಮಾದಲ್ಲಿ ಈ ಪ್ರತಿಕ್ರಿಯೆಗೆ ಎರಡು ಸರದಿ ಇರಬಹುದು. ಮೊದಲನೆಯದು ನಿಮಿಷಗಳಲ್ಲಿ ಬಂದು ಒಂದೆರಡು ಗಂಟೆಯಲ್ಲಿ ಇಳಿಯುತ್ತದೆ. ಎರಡನೆಯದು ನಾಲ್ಕರಿಂದ ಎಂಟು ಗಂಟೆ ಬಿಟ್ಟು ಬರುತ್ತದೆ, ನಿಧಾನ ಏರುತ್ತದೆ, ಜಾಸ್ತಿ ಹೊತ್ತು ಇರುತ್ತದೆ. ಸಂಜೆ ಬೇಸಿನ್ ಬಿಟ್ಟು ಎದ್ದವಳಿಗೆ ನಡುರಾತ್ರಿ ಉಬ್ಬಸ ಬರೋದು ಈ ಎರಡನೇ ಸರದಿಯ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಅದರ ಮೇಲೆ, ಯಾರಿಗೇ ಆದರೂ ಬೆಳಗಿನ ಜಾವ ಉಸಿರುನಾಳ ಸ್ವಲ್ಪ ಕಿರಿದಾಗುತ್ತದೆ. ಆರೋಗ್ಯವಂತರಿಗೆ ಅದು ಗೊತ್ತೇ ಆಗೋದಿಲ್ಲ. ಆಸ್ತಮಾ ಇದ್ದವರು ಮೂರು ನಾಲ್ಕು ಗಂಟೆಗೆ ಎದ್ದು ಕೂರುತ್ತಾರೆ.

ಏಳೆಂಟು ವರ್ಷ ಏನೂ ಆಗದೆ ಆಮೇಲೆ ಯಾಕೆ ಅನ್ನೋದಕ್ಕೂ ಉತ್ತರ ಇದೆ. ಅಲರ್ಜಿ ಮೊದಲ ದಿನವೇ ಹುಟ್ಟೋದಿಲ್ಲ. ಒಂದು ವಸ್ತುವಿನ ಜೊತೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಒಡನಾಡಿದ ಮೇಲೆ ದೇಹ ಅದರ ವಿರುದ್ಧ ಐಜಿಇ ಅನ್ನುವ ಪ್ರತಿಕಾಯ ತಯಾರಿಸುತ್ತದೆ. ಒಮ್ಮೆ ತಯಾರಾಯಿತು ಅಂದರೆ ಅಷ್ಟು ದಿನ ತಡೆದುಕೊಂಡ ಗಾಳಿಯೇ ಬೇಡವಾಗುತ್ತದೆ. ಹೆಚ್ಚಿನವರಲ್ಲಿ ಮೂಗು, ಕಣ್ಣು ಮೊದಲು ದೂರು ಹೇಳುತ್ತವೆ. ಈಕೆಯ ಮೊದಲ ಚೀಟಿಯ 'ಅಲರ್ಜಿ ಶೀತ' ಅದೇ ಆಗಿತ್ತು. ಶೆಡ್ಡಿಗೆ ಹೋದ ಕೂಡಲೇ ಸಾಲುಸಾಲು ಸೀನು, ಕಣ್ಣು ತುರಿಕೆ. ಎದೆಗೆ ಇಳಿದದ್ದು ಒಂದು ವರ್ಷದ ಮೇಲೆ.

ಊದಿಸಿ ನೋಡಿದ್ದು

ಎಕ್ಸ್‌ರೇ ಮೂರು ಸಲ ಆಗಿತ್ತು. ಎರಡು ಸರಿಯಾಗಿಯೇ ಇದ್ದವು, ನ್ಯುಮೋನಿಯಾ ಅಂದ ಸಲದ್ದರಲ್ಲಿ ಚಿಕ್ಕದೊಂದು ಬಿಳಿ ಮಚ್ಚೆ. ಕಫದಲ್ಲಿ ಟಿಬಿ ಇರಲಿಲ್ಲ. ಎರಡು ವಾರ ದಾಟಿದ ಕೆಮ್ಮಿಗೆ ಟಿಬಿ ಪರೀಕ್ಷೆ ಮಾಡಿಸಿದ್ದು ಸರಿಯೇ, ಅದರಲ್ಲಿ ತಪ್ಪು ಹುಡುಕುವಂತಿಲ್ಲ. ಆದರೆ ಫಲಿತಾಂಶ ಬರುವವರೆಗೆ ಮನೆಯಲ್ಲಿ ಆಕೆಯ ತಟ್ಟೆ ಲೋಟ ಬೇರೆ ಇಟ್ಟಿದ್ದರಂತೆ, ಬಂದ ಮೇಲೂ ಎಷ್ಟೋ ದಿನ ಹಾಗೇ ಇತ್ತಂತೆ. ರಕ್ತದಲ್ಲಿ ಇಯೋಸಿನೋಫಿಲ್ ಅನ್ನುವ ಬಿಳಿ ರಕ್ತಕಣ ಜಾಸ್ತಿ ಇತ್ತು, ಅಲರ್ಜಿಗೆ ಹೊಂದುವಷ್ಟು. ಆನೆಕಾಲಿನ ಹುಳದಿಂದ ಬರುವ ಒಂದು ಬಗೆಯ ರಾತ್ರಿ ಕೆಮ್ಮು ಇದೆ, ಅದರಲ್ಲಿ ಈ ಲೆಕ್ಕ ಮೂರು ಸಾವಿರ ದಾಟಿ ಹೋಗುತ್ತದೆ. ಈಕೆಯದು ಒಂದು ಸಾವಿರವೂ ಇರಲಿಲ್ಲ.

ಮೂರು ವರ್ಷದಲ್ಲಿ ಆಗದೇ ಉಳಿದದ್ದು ಸ್ಪೈರೋಮೆಟ್ರಿ. ನೋವಿಲ್ಲದ ಪರೀಕ್ಷೆ. ಮೂಗಿಗೆ ಕ್ಲಿಪ್ಪು, ಬಾಯಿಗೆ ಕೊಳವೆ, ಎದೆ ತುಂಬಾ ಗಾಳಿ ಎಳೆದು ಒಂದೇ ಉಸಿರಿಗೆ ಪೂರಾ ಖಾಲಿಯಾಗುವಷ್ಟು ಊದಬೇಕು. ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂತು, ಒಟ್ಟು ಎಷ್ಟು ಬಂತು ಅನ್ನೋದೇ ಮುಖ್ಯ ಲೆಕ್ಕ. ಈಕೆ ಒಟ್ಟು 2.20 ಲೀಟರ್ ಊದಿದಳು. ಮೊದಲ ಸೆಕೆಂಡಿನಲ್ಲಿ ಬಂದದ್ದು 1.31 ಲೀಟರ್, ಅಂದರೆ ನೂರಕ್ಕೆ ಅರವತ್ತರಷ್ಟು. ಈ ವಯಸ್ಸಿಗೆ ಎಪ್ಪತ್ತೈದು ಎಂಬತ್ತಾದರೂ ಇರಬೇಕು. ದಾರಿ ಕಿರಿದಾಗಿದೆ ಅನ್ನೋದು ಖಚಿತವಾಯಿತು.

ಆಮೇಲೆ ಉಸಿರುನಾಳ ಸಡಿಲಿಸುವ ಔಷಧಿ ಸಾಲ್ಬುಟಮಾಲ್ ನಾಲ್ಕು ಪಫ್ ಕೊಟ್ಟು, ಕಾಲು ಗಂಟೆ ಕೂರಿಸಿ, ಮತ್ತೆ ಊದಿಸಿದ್ದಾಯಿತು. ಮೊದಲ ಸೆಕೆಂಡಿನ ಗಾಳಿ 1.62 ಲೀಟರಿಗೆ ಏರಿತು. 310 ಮಿಲಿಲೀಟರ್ ಜಾಸ್ತಿ, ಶೇಕಡಾ 23ಕ್ಕೂ ಮೇಲೆ. ಶೇಕಡಾ 12 ಮತ್ತು 200 ಮಿಲಿಲೀಟರ್, ಈ ಎರಡನ್ನೂ ದಾಟಿದರೆ ಕಿರಿದಾದ ದಾರಿ ಔಷಧಿಗೆ ತೆರೆದುಕೊಳ್ಳುತ್ತಿದೆ ಅಂತ ಅರ್ಥ. ಸೌದೆ ಹೊಗೆಯಿಂದ ವರ್ಷಗಟ್ಟಲೆ ಹಾಳಾದ ಶ್ವಾಸಕೋಶದಲ್ಲಿ ಹೀಗೆ ತೆರೆದುಕೊಳ್ಳೋದು ಕಮ್ಮಿ. ಶೆಡ್ಡಿನಲ್ಲಿ ಸೌದೆ ಒಲೆ ಇದ್ದ ಕಾರಣ ಆ ಅನುಮಾನವನ್ನೂ ಬಿಡುವಂತಿರಲಿಲ್ಲ.

ಆಸ್ತಮಾ ಅನ್ನೋದು ಸಾಬೀತಾಯಿತು. ಯಾವುದರಿಂದ ಅನ್ನೋದು ಇನ್ನೂ ಆಗಬೇಕಿತ್ತು.

ಮಗಳು ಬರೆದ ಪುಸ್ತಕ

ಪೀಕ್ ಫ್ಲೋ ಮೀಟರ್ ಅಂತ ಒಂದು ಪ್ಲಾಸ್ಟಿಕ್ ಕೊಳವೆ ಬರುತ್ತದೆ. ಕೆಲವು ನೂರು ರೂಪಾಯಿ. ಜೋರಾಗಿ ಊದಿದರೆ ಮುಳ್ಳು ಒಂದು ಅಂಕಿಯ ಮೇಲೆ ನಿಲ್ಲುತ್ತದೆ. ಅಂಕಿ ಜಾಸ್ತಿ ಬಂದಷ್ಟೂ ಉಸಿರಿನ ದಾರಿ ತೆರೆದಿದೆ ಅಂತ ಅರ್ಥ. ಜ್ವರಕ್ಕೆ ಥರ್ಮಾಮೀಟರ್ ಇಟ್ಟುಕೊಂಡ ಹಾಗೆ ಆಸ್ತಮಾ ಇರುವ ಮನೆಯಲ್ಲಿ ಇದೊಂದು ಇರಬೇಕು ಅನ್ನೋದು ನನ್ನ ಅಭಿಪ್ರಾಯ. ನಮ್ಮ ಕಡೆ ಮೆಡಿಕಲ್ ಶಾಪಿನವರೇ ಎಷ್ಟೋ ಜನ ಇದನ್ನು ನೋಡಿಲ್ಲ.

ದಿನಕ್ಕೆ ನಾಲ್ಕು ಹೊತ್ತು, ಪ್ರತಿ ಸಲ ಮೂರು ಬಾರಿ ಊದಿ, ಅದರಲ್ಲಿ ಜಾಸ್ತಿ ಬಂದದ್ದನ್ನು ಬರೆಯಿರಿ ಅಂದೆ. ಬರೆಯುವ ಕೆಲಸ ಎಂಟನೇ ಕ್ಲಾಸಿನ ಮಗಳಿಗೆ ಬಿತ್ತು. ಹಳೆಯ ಗಣಿತದ ನೋಟ್‌ಬುಕ್ಕಿನ ಉಳಿದ ಹಾಳೆಯಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದು, ನಾಲ್ಕು ಕಾಲಂ ಮಾಡಿ, ಕೊನೆಗೆ 'ಇವತ್ತು ಏನು ಕೆಲಸ' ಅಂತ ಐದನೆಯದನ್ನು ತಾನಾಗೇ ಸೇರಿಸಿದ್ದಳು. ನಾನು ಹೇಳಲು ಮರೆತ ಕಾಲಂ ಅಲ್ಲ ಅದು, ಎರಡನೇ ವಾರಕ್ಕೆ ಹೇಳೋಣ ಅಂತಿದ್ದೆ. ಹುಡುಗಿ ಮೊದಲ ದಿನವೇ ಹಾಕಿದ್ದಳು.

ಕೆಲಸದ ವಾರದಲ್ಲಿ ಅಂಕಿ ದಿನದಿನಕ್ಕೂ ಇಳಿದು ಶನಿವಾರ ರಾತ್ರಿಗೆ 180ಕ್ಕೆ ಬರುತ್ತಿತ್ತು. ಭಾನುವಾರ ಬೇಸಿನ್ ಇಲ್ಲ, ಆದರೂ 200ರ ಆಸುಪಾಸು. ಮೂರನೇ ವಾರ ತವರಿನಲ್ಲಿ ಒಂದು ಮದುವೆ. ಮೀಟರ್ ಬ್ಯಾಗಿನಲ್ಲಿ ಹೋಯಿತು. ಮೊದಲ ದಿನ 210, ಆಮೇಲೆ 240, 270, 290. ಹೊರಡುವ ದಿನ 310. ಮದುವೆ ಮನೆಯಲ್ಲಿ ಹೊಗೆ, ಧೂಳು, ಹೂವು, ಊದುಬತ್ತಿ ಎಲ್ಲಾ ಇತ್ತು, ನಿದ್ದೆ ಇರಲಿಲ್ಲ. ಆದರೂ ಅಂಕಿ ಏರಿತು. ವಾಪಸ್ ಬಂದು ಬೇಸಿನ್ ಮುಂದೆ ಕೂತ ಮೂರನೇ ದಿನಕ್ಕೆ 220.

ಪುಸ್ತಕವನ್ನು ಅತ್ತೆಯ ಮುಂದೆಯೇ ಬಿಡಿಸಿ ತೋರಿಸಿದೆ. ಅವರಿಗೆ ಅಂಕಿ ಓದಲು ಬರುತ್ತದೆ, ನೂಲಿನ ಲೆಕ್ಕ ಅವರದೇ. ಸುಮಾರು ಹೊತ್ತು ನೋಡಿದರು. "ಹಂಗಾದ್ರೆ ಇವಳು ನಾಟಕ ಮಾಡ್ತಿರಲಿಲ್ಲ" ಅಂದರು. ಸೊಸೆಗೆ ಹೇಳಿದ್ದಲ್ಲ, ನನಗೆ ಹೇಳಿದ್ದು. ಆದರೂ ಸೊಸೆ ಕೇಳಿಸಿಕೊಂಡಳು.

ಒಂದು ವಿಷಯ ಮಾತ್ರ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಭಾನುವಾರ ಯಾಕೆ ಏರುತ್ತಿಲ್ಲ? ವಾರವಿಡೀ ಊದಿಕೊಂಡ ನಾಳ ಒಂದೇ ದಿನದಲ್ಲಿ ಇಳಿಯೋದಿಲ್ಲ ಅನ್ನೋದು ಒಂದು ಕಾರಣ. ಆದರೆ ತವರಿನಲ್ಲಿ ಎರಡನೇ ದಿನಕ್ಕೇ ಏರಿತ್ತು. ಹಾಗಾಗಿ ಶೆಡ್ಡು ನೋಡಲು ಹೋದೆ.

ಒಳಗೆ ಕಾಲಿಟ್ಟರೆ ಮುಖಕ್ಕೆ ಹಬೆ. ಕುದಿಯುವ ನೀರಿನಲ್ಲಿ ಗೂಡು ಬೇಯುತ್ತಿರುತ್ತದೆ, ಬೆಂದ ಹುಳದ ವಾಸನೆ ಬಟ್ಟೆಗೆ ಹತ್ತಿಕೊಳ್ಳುತ್ತದೆ. ಹೆಂಗಸರು ಬಿಸಿನೀರಿನಲ್ಲಿ ಬರಿಗೈ ಆಡಿಸಿ ಎಳೆಯ ತುದಿ ಹಿಡಿಯುತ್ತಾರೆ, ಹಲವು ಗೂಡಿನ ಎಳೆ ಸೇರಿಸಿ ಒಂದು ನೂಲು ಮಾಡಿ ರಾಟೆಗೆ ಬಿಡುತ್ತಾರೆ. ಬೆರಳ ತುದಿಗಳು ಬೆಳ್ಳಗೆ ನೆನೆದು ಸುಕ್ಕಾಗಿರುತ್ತವೆ. ರೇಷ್ಮೆ ಎಳೆಯ ಒಳಗಿರೋದು ಫೈಬ್ರೋಯಿನ್, ಹೊರಗಿನ ಅಂಟು ಸೆರಿಸಿನ್. ಎರಡೂ ಪ್ರೋಟೀನು. ಬಿಸಿನೀರಿಗೆ ಅಂಟು ಸಡಿಲವಾದರೇ ನೂಲು ಬಿಚ್ಚಿಕೊಳ್ಳುವುದು. ಅಂಟಿನ ಕಣಗಳೂ ಹುಳದ ಕಣಗಳೂ ಹಬೆ ಜೊತೆ, ಒಣಗಿದ ಮೇಲೆ ಧೂಳಿನ ಜೊತೆ ಗಾಳಿಗೆ ಸೇರುತ್ತವೆ. ಇದು ಹೊಸ ಸಂಗತಿಯೇನಲ್ಲ. ನೂಲು ಬಿಚ್ಚುವ ಫಿಲೇಚರ್‌ಗಳ ಕೆಲಸಗಾರರಲ್ಲಿ ಆಸ್ತಮಾ ಇರೋದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 1985ರಲ್ಲೇ ಪ್ರಕಟಿಸಿದ್ದರು. ಅದು ರೇಷ್ಮೆ ಊರುಗಳ ಕ್ಲಿನಿಕ್ಕುಗಳಿಗೆ ಬಂದು ಮುಟ್ಟಿಲ್ಲ ಅಷ್ಟೇ.

ಭಾನುವಾರದ ಗುಟ್ಟು ಶೆಡ್ಡಿನ ಹೊರಗಿತ್ತು. ನೂಲು ಬಿಚ್ಚಿದ ಮೇಲೆ ಉಳಿಯುವ ಪ್ಯೂಪವನ್ನು, ಅಂದರೆ ಗೂಡಿನೊಳಗಿನ ಬೆಂದ ಹುಳವನ್ನು, ಕೋಳಿ, ಮೀನಿನ ಆಹಾರಕ್ಕೆ ಕೊಳ್ಳುವವರಿದ್ದಾರೆ. ಅದನ್ನು ಟಾರ್ಪಾಲಿನ ಮೇಲೆ ಒಣಗಿಸಿ, ಮೂಟೆ ಕಟ್ಟಿ, ವ್ಯಾಪಾರಿ ಬರುವವರೆಗೆ ಮಲಗುವ ಕೋಣೆಯ ಕಿಟಕಿ ಕೆಳಗೆ ಪೇರಿಸಿದ್ದರು. ಮೂಟೆ ತಟ್ಟಿದರೆ ಕಂದು ಪುಡಿ ಏಳುತ್ತಿತ್ತು. ಆಕೆ ರಜೆಯ ದಿನವೂ ರಜೆಯಲ್ಲಿರಲಿಲ್ಲ.

ಚರ್ಮಕ್ಕೆ ಚುಚ್ಚಿ ರೇಷ್ಮೆ ಅಲರ್ಜಿ ನೋಡುವ ಪರೀಕ್ಷೆಗೆ ಬೆಂಗಳೂರಿಗೆ ಕಳಿಸಬಹುದಿತ್ತು. ಅದಕ್ಕಿಂತ ಆ ದುಡ್ಡಲ್ಲಿ ಔಷಧಿ ಕೊಳ್ಳಲಿ ಅನ್ನಿಸಿತು. ಸ್ಪೈರೋಮೆಟ್ರಿ, ಪುಸ್ತಕ, ಶೆಡ್ಡು, ಈ ಮೂರೂ ಒಂದೇ ಮಾತು ಹೇಳುತ್ತಿದ್ದವು.

ಔಷಧಿ ಇತ್ತು, ಬೇಕಾದದ್ದು ಇರಲಿಲ್ಲ

ಆಕೆಯ ಹಳೆಯ ಚೀಟಿಗಳನ್ನು ಒಂದರ ಪಕ್ಕ ಒಂದು ಇಟ್ಟರೆ ನಮ್ಮ ದೇಶದಲ್ಲಿ ಆಸ್ತಮಾಕ್ಕೆ ಆಗುತ್ತಿರುವ ಉಪಚಾರದ ಚಿತ್ರ ಸಿಗುತ್ತದೆ. ಸಾಲ್ಬುಟಮಾಲ್ ಮಾತ್ರೆ, ಥಿಯೋಫಿಲಿನ್ ಜಾತಿಯ ಮಾತ್ರೆ, ಪ್ರತಿ ಸಲ ಒಂದು ಆಂಟಿಬಯೋಟಿಕ್, ಕೆಮ್ಮಿನ ಸಿರಪ್, ಮೆಡಿಕಲ್ ಶಾಪಿನ 'ಸೆಟ್' ಒಳಗಿದ್ದ ಚಿಕ್ಕ ಸ್ಟೀರಾಯ್ಡ್ ಮಾತ್ರೆ. ಆಮೇಲೆ ಸಾಲ್ಬುಟಮಾಲಿನದೇ ನೀಲಿ ಪಂಪು, ಅಂದರೆ ಇನ್ಹೇಲರ್, ತಿಂಗಳಿಗೊಂದು ಖಾಲಿ.

ಒಂದು ಸಲ ಪರಿಸ್ಥಿತಿ ಕೈಮೀರಿತ್ತು. ನಡುರಾತ್ರಿ ಆಟೋದಲ್ಲಿ ಆಸ್ಪತ್ರೆಗೆ ಸೇರಿಸಿದಾಗ ಆಕೆಗೆ ಒಂದು ವಾಕ್ಯ ಪೂರ್ತಿ ಹೇಳಲು ಆಗುತ್ತಿರಲಿಲ್ಲ. ರಕ್ತದ ಆಮ್ಲಜನಕ ಶೇಕಡಾ 88ಕ್ಕೆ ಇಳಿದಿತ್ತು. ಆಮ್ಲಜನಕ, ಮಾಸ್ಕಿನ ಮೂಲಕ ಔಷಧಿ, ರಕ್ತನಾಳಕ್ಕೆ ಸ್ಟೀರಾಯ್ಡ್, ಎಲ್ಲ ಸರಿಯಾಗಿಯೇ ಕೊಟ್ಟು ಜೀವ ಉಳಿಸಿದರು. ಡಿಸ್ಚಾರ್ಜ್ ಆದಾಗ ಐದು ದಿನದ ಮಾತ್ರೆ ಬರೆದುಕೊಟ್ಟರು. ಆರನೇ ದಿನ ಏನು ಮಾಡಬೇಕು ಅಂತ ಯಾರೂ ಹೇಳಲಿಲ್ಲ. ಜಗತ್ತಿನ ಆಸ್ತಮಾ ರೋಗಿಗಳಲ್ಲಿ ಭಾರತದವರು ಶೇಕಡಾ 13ರಷ್ಟು, ಆಸ್ತಮಾ ಸಾವುಗಳಲ್ಲಿ ಮಾತ್ರ ಶೇಕಡಾ 40ಕ್ಕೂ ಮೇಲೆ ಅನ್ನುವ ಅಂದಾಜಿದೆ. ಆ ಅಂತರದ ಒಂದು ದೊಡ್ಡ ಭಾಗ ಈ ಆರನೇ ದಿನದಲ್ಲಿದೆ ಅಂತ ನಾನು ನಂಬುತ್ತೇನೆ.

ನೀಲಿ ಪಂಪಿನ ಸಾಲ್ಬುಟಮಾಲ್ ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆ. ಐದೇ ನಿಮಿಷಕ್ಕೆ ಹಾಯೆನಿಸುತ್ತದೆ. ಊತಕ್ಕೆ ಏನೂ ಮಾಡೋದಿಲ್ಲ. ಊತ ಇಳಿಸೋದು ಎಳೆದುಕೊಳ್ಳುವ ಸ್ಟೀರಾಯ್ಡು, ಅದು ಒಂದೇ ದಿನದಲ್ಲಿ ಏನೂ ತೋರಿಸೋದಿಲ್ಲ. ಜನ ಯಾವುದನ್ನು ಇಷ್ಟಪಡುತ್ತಾರೆ ಅಂತ ಬೇರೆ ಹೇಳಬೇಕಿಲ್ಲ. ವರ್ಷಕ್ಕೆ ಮೂರು ನೀಲಿ ಪಂಪು ಖಾಲಿಯಾದರೇ ದೊಡ್ಡ ದಾಳಿಯ ಅಪಾಯ ಜಾಸ್ತಿ. ಹನ್ನೆರಡು ಅಂದರೆ ಪ್ರಾಣದ ಮಾತು. 2019ರಿಂದ ಜಾಗತಿಕ ಆಸ್ತಮಾ ಮಾರ್ಗಸೂಚಿಯೇ ದೊಡ್ಡವರಿಗೆ ನೀಲಿ ಪಂಪು ಒಂದನ್ನೇ ಕೊಡಬೇಡಿ ಅನ್ನುತ್ತಿದೆ.

ಹಾಗಾಗಿ ಬುಡೆಸೊನೈಡ್, ಫಾರ್ಮೊಟೆರಾಲ್ ಎರಡೂ ಸೇರಿದ ಪಂಪು ಶುರು ಮಾಡಿದೆ. ಒಂದು ಊತ ಇಳಿಸುತ್ತದೆ, ಇನ್ನೊಂದು ಸ್ನಾಯು ಸಡಿಲಿಸುತ್ತದೆ, ಅದೂ ಬೇಗ. ದಿನಾ ಎರಡು ಹೊತ್ತು. ನಡುವೆ ದಮ್ಮು ಬಂದರೆ ನೀಲಿ ಹುಡುಕಬೇಡಿ, ಇದನ್ನೇ ಒಂದು ಪಫ್ ಎಳೆಯಿರಿ. ಹಾಗೆ ಮಾಡಿದಾಗ ದಮ್ಮು ಬಂದ ದಿನ ಊತದ ಔಷಧಿಯೂ ತಾನಾಗಿ ಜಾಸ್ತಿ ಹೋಗುತ್ತದೆ. ಇದನ್ನು ಓದಿ ಯಾರೂ ತಾವೇ ಪ್ರಮಾಣ ಹಾಕಿಕೊಳ್ಳಬೇಡಿ, ದಿನಕ್ಕೆ ಇಷ್ಟೇ ಅನ್ನುವ ಮಿತಿ ಇದಕ್ಕೂ ಇದೆ.

ಪಂಪು ಅಂದ ಕೂಡಲೇ ಅತ್ತೆ, ಗಂಡ ಇಬ್ಬರ ಮುಖವೂ ಇಳಿಯಿತು. "ಅದು ಅಭ್ಯಾಸ ಆಗೋಗುತ್ತಂತೆ ಸಾರ್. ಕೊನೇಲಿ ಕೊಡೋದಂತೆ. ಮಾತ್ರೇಲೇ ಏನಾದ್ರೂ ಮಾಡಿ." ನಾನು ಉಪದೇಶ ಮಾಡಲಿಲ್ಲ. ಆಕೆ ನುಂಗುತ್ತಿದ್ದ ಸಾಲ್ಬುಟಮಾಲ್ ಮಾತ್ರೆಯ ಹಿಂದೆ ಬರೆದದ್ದನ್ನು ಮಗಳ ಕೈಯಲ್ಲಿ ಓದಿಸಿದೆ. 4 ಮಿಲಿಗ್ರಾಂ. ಆಮೇಲೆ ನೀಲಿ ಪಂಪಿನ ಮೇಲಿರೋದು. ಒಂದು ಪಫ್ಫಿಗೆ 100 ಮೈಕ್ರೋಗ್ರಾಂ. ಸಾವಿರ ಮೈಕ್ರೋಗ್ರಾಮಿಗೆ ಒಂದು ಮಿಲಿಗ್ರಾಂ ಅನ್ನೋದು ಮಗಳಿಗೆ ಶಾಲೆಯಲ್ಲಿ ಆಗಿತ್ತು. "ಒಂದು ಮಾತ್ರೆ ಅಂದ್ರೆ ನಲವತ್ತು ಪಫ್ಪು!" ಅಂದಳು. ಮಾತ್ರೆ ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಮೈಯೆಲ್ಲ ಸುತ್ತಿ ಶ್ವಾಸಕೋಶಕ್ಕೆ ಬರಬೇಕು. ಅದಕ್ಕೇ ಕೈ ನಡುಕ, ಎದೆ ಡವಡವ. ಸ್ಟೀರಾಯ್ಡ್ ಮಾತ್ರೆಯದೂ ಅದೇ ಕಥೆ. ಮೂರು ವರ್ಷ ಆಗೀಗ ನುಂಗಿದ್ದಕ್ಕೆ ಮುಖ ಊದಿ, ತೂಕ ಏರಿ, ಸಕ್ಕರೆ ಅಂಚಿಗೆ ಬಂದು ನಿಂತಿತ್ತು. ಪಂಪಿನದು ನೇರ ಬೇಕಾದ ಜಾಗಕ್ಕೆ, ಸಣ್ಣ ಪ್ರಮಾಣದಲ್ಲಿ. ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಬೇಕು, ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಅಗ್ರ ಬರಬಹುದು.

ಎಳೆಯೋದು ಹೇಗೆ ಅಂತ ತೋರಿಸಲು ಹಿಡಿದ ಹೊತ್ತು ಔಷಧಿ ಬರೆಯಲು ಹಿಡಿದದ್ದಕ್ಕಿಂತ ಜಾಸ್ತಿ. ಹಿಂದೆ ಯಾರೋ ಪುಡಿ ತುಂಬಿದ ಕ್ಯಾಪ್ಸೂಲು, ಅದನ್ನು ಹಾಕಿ ಎಳೆಯುವ ಡಬ್ಬಿ ಬರೆದುಕೊಟ್ಟಿದ್ದರು. ಅದನ್ನು ಏನು ಮಾಡಿದಿರಿ ಅಂತ ಕೇಳಿದೆ. "ಗುಳಿಗೆ ಅಲ್ವಾ ಸಾರ್, ನೀರು ಕುಡಿದು ನುಂಗಿದೆ. ಡಬ್ಬಿ ಚಿಕ್ಕವನು ಆಟಕ್ಕೆ ಇಟ್ಕೊಂಡ." ನಗು ಬರುವ ಮಾತು, ಆದರೆ ಇಂಥವರು ಆಕೆ ಒಬ್ಬಳೇ ಅಲ್ಲ. ಬರೆದುಕೊಟ್ಟು ತೋರಿಸದೆ ಬಿಟ್ಟರೆ ಇನ್ನೇನಾಗುತ್ತದೆ? ಪಂಪಿಗೆ ಸ್ಪೇಸರ್ ಕೊಟ್ಟೆ, ಪಂಪಿಗೂ ಬಾಯಿಗೂ ನಡುವೆ ಇಡುವ ಟೊಳ್ಳು ಕೊಳವೆ. ಅಲ್ಲಾಡಿಸಿ, ಉಸಿರು ಪೂರ್ತಿ ಬಿಟ್ಟು, ಒಂದೇ ಸಲ ಒತ್ತಿ, ನಿಧಾನವಾಗಿ ಎಳೆದು, ಹತ್ತು ಎಣಿಸುವವರೆಗೆ ಹಿಡಿಯಬೇಕು. ಸ್ಪೇಸರ್ ಕೊಳ್ಳಲು ಆಗದವರಿಗೆ ಅರ್ಧ ಲೀಟರ್ ಪ್ಲಾಸ್ಟಿಕ್ ಬಾಟಲಿಯ ತಳಕ್ಕೆ ಪಂಪಿನ ಬಾಯಿ ಬಿಗಿಯಾಗಿ ಕೂರುವಷ್ಟು ತೂತು ಮಾಡಿಕೊಂಡರೂ ನಡೆಯುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ಮಕ್ಕಳ ಮೇಲೆ ಪರೀಕ್ಷಿಸಿ ನೋಡಿದ ಉಪಾಯ ಇದು.

ಬೇಸಿನ್ ಬಿಡಿಸುವ ಪಂಚಾಯ್ತಿ

ಔಷಧಿಯಿಂದ ಮೂರು ವಾರದಲ್ಲಿ ರಾತ್ರಿ ನಿದ್ದೆ ಬಂತು. ಗಂಡ ಅಲ್ಲಿಗೇ ಕಥೆ ಮುಗಿಯಿತು ಅಂದುಕೊಂಡರು. ಮುಗಿದಿರಲಿಲ್ಲ. ಕೆಲಸದಿಂದ ಬಂದ ಆಸ್ತಮಾದಲ್ಲಿ ಔಷಧಿ ಹಾಕುತ್ತಾ ಅದೇ ಗಾಳಿಯಲ್ಲಿ ಕೂತರೆ ಕಾಯಿಲೆ ಬೇರೂರುತ್ತದೆ. ಬೇಗ ಬಿಟ್ಟವರಿಗೆ ಪೂರ್ತಿ ವಾಸಿಯಾಗುವ ಅವಕಾಶ ಜಾಸ್ತಿ, ವರ್ಷಗಳು ಕಳೆದ ಹಾಗೆ ಆ ಅವಕಾಶ ಕಮ್ಮಿ. ಈಕೆ ಆಗಲೇ ಮೂರು ವರ್ಷ ಕಳೆದಿದ್ದಳು. ಬೇಸಿನ್ ಬಿಡಬೇಕು ಅಂತ ನೇರವಾಗಿಯೇ ಹೇಳಿದೆ.

"ಇವಳು ಎದ್ರೆ ಒಂದು ಬೇಸಿನ್ ನಿಂತಂಗೆ ಸಾರ್. ಆಳು ಸಿಕ್ಕಲ್ಲ. ಸಿಕ್ಕಿದ್ರೆ ಕೂಲಿ ಯಾರು ಕೊಡ್ತಾರೆ?" ಗಂಡ ಕೆಟ್ಟವರಲ್ಲ. ಗೂಡಿನ ರೇಟು ಏರಿ ನೂಲಿನ ರೇಟು ಇಳಿದ ವಾರ ಆ ಮನೆಯಲ್ಲಿ ಏನೂ ಉಳಿಯೋದಿಲ್ಲ. ಪುಸ್ತಕದಲ್ಲಿ ಓದಿದ ಡಾಕ್ಟರಿಗೆ 'ಕೆಲಸ ಬಿಡಿ' ಅನ್ನೋದು ಎರಡು ಪದ. ಮನೆಯೇ ಕಾರ್ಖಾನೆ ಆದವರಿಗೆ ಅದು ಸಂಸಾರದ ಪ್ರಶ್ನೆ.

ಮೊದಲು ಅರ್ಧ ದಾರಿ ಹಿಡಿದರು. ಪ್ಯೂಪದ ಮೂಟೆ ಮನೆಯಿಂದ ದೂರ ಹೋಯಿತು. ಬೇಯಿಸುವ ಕಡೆ ಗೋಡೆಗೆ ದೊಡ್ಡ ಎಕ್ಸಾಸ್ಟ್ ಫ್ಯಾನ್ ಬಂತು. ಒಣ ಪೊರಕೆ ಬಿಟ್ಟು ನೆಲ ಒರೆಸಲು ಶುರು ಮಾಡಿದರು. ಆಕೆ ಬೇಸಿನ್ ಬಿಟ್ಟು ನೂಲು ಸುತ್ತಿ ಕಟ್ಟುವ ಕಡೆಗೆ ಹೋದಳು, ಮಾಸ್ಕ್ ಹಾಕಿಕೊಂಡು. ಆ ಹಬೆಯಲ್ಲಿ ಮಾಸ್ಕ್ ಹತ್ತೇ ನಿಮಿಷಕ್ಕೆ ಒದ್ದೆಯಾಗಿ ಮೂಗಿಗೆ ಅಂಟುತ್ತಿತ್ತು, ತೆಗೆದು ಗಲ್ಲಕ್ಕೆ ಇಳಿಸುತ್ತಿದ್ದಳು. ಪೀಕ್ ಫ್ಲೋ 250ರ ಹತ್ತಿರ ನಿಂತಿತು, ಮೇಲೆ ಹೋಗಲಿಲ್ಲ. ಒಮ್ಮೆ ಅಲರ್ಜಿ ಹತ್ತಿದ ಮೇಲೆ ಕಮ್ಮಿ ಗಾಳಿಯೂ ಸಾಕು. ಇದನ್ನು ನಾನು ಬಾಯಲ್ಲಿ ಹೇಳಿದ್ದಕ್ಕಿಂತ ಆ ಮೇಲೇರದ ಅಂಕಿ ಚೆನ್ನಾಗಿ ಹೇಳಿತು.

ಈ ನಡುವೆ ಜೂನ್ ಬಂತು. ಮೃಗಶಿರಾ ದಿನ ಹೈದರಾಬಾದಿನಲ್ಲಿ ಕೊಡುವ ಮೀನಿನ ಮದ್ದಿಗೆ ಕರೆದುಕೊಂಡು ಹೋಗುತ್ತೇವೆ ಅಂತ ಅತ್ತೆ ಹೇಳಿದರು. ಅದರಿಂದ ಆಸ್ತಮಾ ವಾಸಿಯಾಗುತ್ತೆ ಅನ್ನೋದಕ್ಕೆ ಆಧಾರ ಇಲ್ಲ ಅಂದೆ. ಹೋಗೋದೇ ಆದರೆ ಪಂಪು ಕೈಚೀಲದಲ್ಲಿರಲಿ, ಸೂಟ್‌ಕೇಸಿನಲ್ಲಿ ಬೇಡ, ಅಷ್ಟು ಜನರ ಸಾಲಿನಲ್ಲಿ ದಮ್ಮು ಬಂದರೆ ಹುಡುಕುತ್ತಾ ಕೂರೋಕಾಗಲ್ಲ ಅಂತಲೂ ಹೇಳಿದೆ. ಹೋಗಿ ಬಂದರು. ವಾಸಿಯಾದದ್ದು ಮೀನಿನಿಂದಲೇ ಅಂತ ಅತ್ತೆ ಇವತ್ತಿಗೂ ಹೇಳುತ್ತಾರೆ. ಪಂಪು ನಿಂತಿಲ್ಲ, ಹಾಗಾಗಿ ನನಗೆ ತಕರಾರಿಲ್ಲ.

ಬೇಸಿನ್ ಪೂರ್ತಿ ಬಿಟ್ಟದ್ದು ಅದಾದ ಮೇಲೆ. ಬಿಡಿಸಿದವರು ಅತ್ತೆಯೇ. ಆಸ್ಪತ್ರೆಯ ಒಂದು ರಾತ್ರಿಯ ಬಿಲ್ಲು, ಮೂರು ವರ್ಷದ ಮಾತ್ರೆ, ಎಕ್ಸ್‌ರೇ, ಆಟೋ, ಎಲ್ಲ ಕೂಡಿಸಿ ಅದನ್ನು ಆಳಿನ ಕೂಲಿ ಪಕ್ಕ ಇಟ್ಟು ಮಗನಿಗೆ ಲೆಕ್ಕ ಒಪ್ಪಿಸಿದರಂತೆ. ಆಕೆಗೆ ಮೊದಲೇ ಹೊಲಿಗೆ ಬರುತ್ತಿತ್ತು. ಮುಂದಿನ ಕೋಣೆಯಲ್ಲಿ ಮೆಷಿನ್ ಹಾಕಿಕೊಂಡು ಬ್ಲೌಸು ಹೊಲಿಯುತ್ತಾಳೆ. "ರೇಷ್ಮೆ ಸೀರೆ ಉಡಬಹುದಾ ಸಾರ್?" ಅಂತ ಕೇಳಿದಳು. ಸೀರೆಗೆ ಬರುವ ಹೊತ್ತಿಗೆ ನೂಲಿನ ಅಂಟನ್ನು ಹೆಚ್ಚುಕಡಿಮೆ ತೆಗೆದಿರುತ್ತಾರೆ. ಉಟ್ಟಾಗ ಸೀನು, ದಮ್ಮು ಬರದಿದ್ದರೆ ಧಾರಾಳವಾಗಿ ಉಡಿ ಅಂದೆ.

ಈಗ

ಬೇಸಿನ್ ಬಿಟ್ಟು ಒಂದು ವರ್ಷದ ಮೇಲೆ ಮತ್ತೆ ಊದಿಸಿದಾಗ ಮೊದಲ ಸೆಕೆಂಡಿನ ಗಾಳಿ 1.84 ಲೀಟರ್. ಆಕೆಯ ಎತ್ತರ, ವಯಸ್ಸಿಗೆ ಇರಬೇಕಾದದ್ದರ ಶೇಕಡಾ 88ರಷ್ಟು. ಪೀಕ್ ಫ್ಲೋ 320ರ ಹತ್ತಿರ. ರಾತ್ರಿ ಏಳೋದು ನಿಂತಿದೆ, ಆಸ್ಪತ್ರೆ ಕಂಡಿಲ್ಲ, ಸ್ಟೀರಾಯ್ಡ್ ಮಾತ್ರೆ ಬೇಕಾಗಿಲ್ಲ. ಪಂಪಿನ ಪ್ರಮಾಣ ಅರ್ಧಕ್ಕೆ ಇಳಿದಿದೆ. ಜನೌಷಧಿ ಕೇಂದ್ರದಲ್ಲಿ ಕೊಳ್ಳುತ್ತಾರೆ, ಖರ್ಚು ಕಮ್ಮಿ. ಪೂರ್ತಿ ನಿಲ್ಲಿಸಲು ಒಮ್ಮೆ ಆಕೆಯೇ ನೋಡಿದಳು. ಎರಡನೇ ವಾರಕ್ಕೆ ಎದೆ ಮತ್ತೆ ಸುಯ್ ಅಂದಿತು. ಇವತ್ತಿಗೂ ಶೆಡ್ಡಿನ ಬಾಗಿಲಲ್ಲಿ ಐದು ನಿಮಿಷ ನಿಂತರೆ ಸೀನು ಶುರು. ಅಲರ್ಜಿ ಹಾಗೇ ಉಳಿದಿದೆ, ಬಹುಶಃ ಉಳಿಯುತ್ತದೆ ಕೂಡ.

ಬೀರುವಿನ ಬಾಗಿಲಿಗೆ ಅಂಟಿಸಿದ ಒಂದು ಕಾಗದ ಇದೆ. ಅಂಕಿ 255ಕ್ಕಿಂತ ಇಳಿದರೆ ಪಂಪು ಎಷ್ಟು ಜಾಸ್ತಿ ಮಾಡಬೇಕು, ನನಗೆ ಯಾವಾಗ ಫೋನ್ ಮಾಡಬೇಕು ಅಂತ ಅದರಲ್ಲಿ ಬರೆದಿದೆ. 160ಕ್ಕೆ ಇಳಿದರೆ, ಅಥವಾ ಮಾತಾಡಲು ಉಸಿರು ಸಾಲದಿದ್ದರೆ, ತುಟಿ ನೀಲಿಯಾದರೆ ಕಾಯದೆ 108ಕ್ಕೆ ಕರೆ ಮಾಡಿ, ಆಂಬ್ಯುಲೆನ್ಸ್ ಬರುವವರೆಗೆ ಪಂಪು ಎಳೆಯುತ್ತಿರಬೇಕು. ಮಗಳ ಕೈಬರಹ.

ಈಗ ನನ್ನ ಗಮನ ಓರಗಿತ್ತಿಯ ಮೇಲಿದೆ. ಒಂದು ವರ್ಷದಿಂದ ಬೇಸಿನ್ ಮುಂದೆ ಕೂತರೆ ಸೀನು, ಕಣ್ಣಲ್ಲಿ ನೀರು. ಉಬ್ಬಸ ಇಲ್ಲ. ಊದಿಸಿ ನೋಡಿದರೆ ಸದ್ಯಕ್ಕೆ ಎಲ್ಲ ಸರಿ ಇದೆ. ಮೂಗಿಗೆ ಸ್ಪ್ರೇ ಕೊಟ್ಟಿದ್ದೇನೆ, ಮನೆಯಲ್ಲಿರುವ ಮೀಟರನ್ನೇ ಆಕೆಯೂ ಊದಲಿ, ಬಾಯಿಗಿಡುವ ತುದಿ ಮಾತ್ರ ಬೇರೆ ಇಟ್ಟುಕೊಳ್ಳಲಿ ಅಂದಿದ್ದೇನೆ. ಮೂರು ತಿಂಗಳಿಗೊಮ್ಮೆ ಸ್ಪೈರೋಮೆಟ್ರಿ ಮಾಡಬೇಕು. ಬೇಯಿಸುವ ಒಲೆಯನ್ನು ಶೆಡ್ಡಿನಿಂದ ಹೊರಗೆ, ಬೇರೆ ಚಾವಣಿ ಕೆಳಗೆ ಹಾಕೋಣ ಅಂತ ಗಂಡ ತಾವಾಗೇ ಹೇಳಿದ್ದಾರೆ, ಗೂಡಿನ ರೇಟು ಇಳಿಯಲಿ ಅಂತ ಕಾಯುತ್ತಿದ್ದಾರೆ. ಕೂಲಿಗೆ ಬರುವ ನಾಲ್ವರಲ್ಲಿ ಇಬ್ಬರು ಬಂದು ಊದಿಹೋದರು. ಇನ್ನಿಬ್ಬರು ಇನ್ನೂ ಬಂದಿಲ್ಲ.